ಖಾಲಿ ವರ್ಷದಲ್ಲೊಂದು ಸ್ವಿಚ್ಚು

ಗೋಡೆ ಮುಟ್ಟಬೇಡಿ ಎಂದರು ಚೋಂದವ್ವ,
ಜೀಪಿನಿಂದ ಇನ್ನೂ ಇಳಿಯದೆ.
ಅಂಥ ಮಾತು ನನಗೆ ಹೊಸದಲ್ಲ.
ವಿರಾಜಪೇಟೆಯಲ್ಲಿ ಎಲ್ಲರೂ ಹಾಗೇ ಅನ್ನುವುದು,
ಬಣ್ಣ ಹೊಡೆಸಿ ತಿಂಗಳಾಗಿರುತ್ತದೆ.

ಇಲ್ಲಿ ಬಣ್ಣವೇ ಇರಲಿಲ್ಲ.
ಸುಣ್ಣ, ಅದರ ಮೇಲೆ ಪೆನ್ಸಿಲ್ಲು:
ನಾಲ್ಕು ನಿಂತ ಗೀಟು, ಅಡ್ಡ ಒಂದು,
ನೆಲದಿಂದ ನನ್ನ ಹೆಗಲಿನ ತನಕ
ಐದೈದರಂತೆ ಕಿತ್ತಳೆಯ ಬುಟ್ಟಿಗಳು.
ತಲಶ್ಶೇರಿಗೆ ಇಷ್ಟು, ಮೈಸೂರಿಗೆ ಇಷ್ಟು,
ಕೊಳೆತದ್ದು ಇಷ್ಟು.
ಕೊಳೆತದ್ದಕ್ಕೆ ಗೀಟು ಸ್ವಲ್ಪ ಓರೆ.

"ಅಜ್ಜನ ಲೆಕ್ಕವಾ?" ಸಜೀಷ್ ಕೇಳಿದ.
"ಅಜ್ಜನಿಗೆ ಎಲ್ಲಿ ಬರೆಯಲು ಬರುತ್ತಿತ್ತು?
ಮಂಡಿಯ ರೈಟರ್ ಕುಂಞಿಪೋಕರದ್ದು."

ಮೀಟರಿನ ಪಕ್ಕದ ಪಿಂಗಾಣಿ ಫ್ಯೂಸು ಕಳಚಿದೆ.
ತಂತಿಯ ಬದಲು ಸಿಗರೇಟಿನ ಬೆಳ್ಳಿ ಕಾಗದ.
ಮನೆ ಸುಡಲು ಇಷ್ಟು ಸಾಕಿತ್ತು.
ವಯರಿಗೆ ಮೇಲೆ ನೂಲಿನ ಹೆಣಿಗೆ, ಒಳಗೆ ರಬ್ಬರು,
ಉಗುರು ತಾಗಿದರೆ ಹಳೆ ಬೆಲ್ಲದಂತೆ ಉದುರುತ್ತದೆ.
ಇಷ್ಟು ವರ್ಷ ಬೆಂಕಿ ಹೊತ್ತು ನಡೆದದ್ದು
ಬರೀ ಅಭ್ಯಾಸಬಲದಿಂದ.

ಪುಣ್ಯಕ್ಕೆ, ಗೋಡೆಯೊಳಗೆ ಕಬ್ಬಿಣದ ಪೈಪಿದೆ.
ಹಳೆಯ ತುದಿಗೆ ಹೊಸ ತುದಿ ಹೆಣೆದು,
ಗಂಟು ದಪ್ಪವಾಗದಂತೆ ಟೇಪು ಸುತ್ತಿ, ಪೌಡರು ಸವರಿ,
ಸಜೀಷ್ ಅಟ್ಟದಿಂದ ತಳ್ಳುತ್ತಾನೆ, ನಾನು ಕೆಳಗೆ ಎಳೆಯುತ್ತೇನೆ.
"ಬಿಡು... ಬಿಡು... ನಿಲ್ಲು."
ಎಳೆಯುವುದು ಕೈಯಲ್ಲ, ಕಿವಿ.
ಹಸುವಿನ ಹೆರಿಗೆ ಮಾಡಿಸಿದವರಿಗೆ ಈ ಕೆಲಸ ಬೇಗ ಹತ್ತುತ್ತದೆ,
ಜೋರು ಮಾಡಿದರೆ ಕೆಟ್ಟಿತು.

ಮೊದಲ ಪೈಪು ಬಂತು. ಎರಡನೆಯದು, ಮೂರನೆಯದು.
ನಾಲ್ಕನೆಯದು, ಈ ಗೀಟುಗಳ ಕೋಣೆಯದು,
ತಿರುವಿನಲ್ಲಿ ಕಚ್ಚಿಕೊಂಡಿತು.
ಹಳೆಯದು ತುಂಡಾಗಿ ನನ್ನ ಕೈಗೆ ಬಂತು,
ಹೊಸದು ಒಳಗೇ ಉಳಿಯಿತು.
ತುಕ್ಕು.
ಸಜೀಷ್ ಚಾಣ ನೋಡಿದ. ನಾನು ಸಜೀಷನನ್ನು ನೋಡಿದೆ.
ಅವನು ಚಾಣವನ್ನು ಚೀಲದೊಳಗೆ ಇಟ್ಟ.

ಬುತ್ತಿ ಬಿಚ್ಚಿ ಬಾಗಿಲ ಚೌಕಟ್ಟಿಗೆ ಒರಗಿ ಕೂತಾಗ
ಬೆನ್ನಿಗೆ ಗಾಳಿ ತಾಗಿತು.
ಮರಕ್ಕೂ ಮಣ್ಣಿಗೂ ನಡುವೆ ಬೆರಳಿನಷ್ಟು ಸಂದು,
ಗೆದ್ದಲು ಯಾವಾಗಲೋ ಮಾಡಿ ಬಿಟ್ಟುಹೋದ ದಾರಿ.
ಕೈ ತೊಳೆಯದೆ ಎದ್ದೆ.
ನೂಲಿಗೆ ಒಂದು ನಟ್ಟು ಕಟ್ಟಿ ಅಟ್ಟದಿಂದ ಇಳಿಸಿದೆವು,
ಗೋಡೆಗೆ ಕಿವಿ ಇಟ್ಟೆ:
ಟಿಕ್, ಮತ್ತೆ ಟಿಕ್, ಆಮೇಲೆ ಏನಿಲ್ಲ, ಆಮೇಲೆ
ಎದೆಯ ಎತ್ತರದಲ್ಲಿ, ಟಿಕ್.

ಬಂದದ್ದೇನೋ ಬಂತು. ಹೊರಗೆ ತೆಗೆಯಲು ತೂತು ಬೇಕು,
ಸ್ವಿಚ್ಚಿನ ಡಬ್ಬಿಯಷ್ಟು. ಅಲ್ಲೆಲ್ಲ ಬರೀ ಗೀಟು.
ಚೋಂದವ್ವನನ್ನು ಕರೆದೆ. ಗಂಬೂಟಿನಲ್ಲೇ ಬಂದರು,
ಕನ್ನಡಕ ಹಣೆಗೇರಿಸಿ ಗೋಡೆಯನ್ನು ಓದಿದರು
ಬಹಳ ಹೊತ್ತು, ಪಾಸ್‌ಬುಕ್ಕಿನ ಹಾಗೆ.
ಒಂದು ಗೇಣು ಕೆಳಗೆ ಬೆರಳಿಟ್ಟರು.
ಎರಡು ವರ್ಷಗಳ ನಡುವೆ ಅಂಗೈಯಗಲ ಬಿಳಿ.
"ಇಲ್ಲಿ ಮಾಡಿ. ಗಿಡಕ್ಕೆ ರೋಗ ಬಂದ ವರ್ಷ.
ಮುಂದಿನ ವರ್ಷದ್ದನ್ನು ಇಲ್ಲಿಂದಲೇ ಶುರು ಮಾಡಬಹುದಿತ್ತು.
ರೈಟರು ಜಾಗ ಬಿಟ್ಟಿದ್ದಾರೆ ನೋಡಿ."

ಕೊರೆಯಲಿಲ್ಲ, ಕೆರೆದೆ. ಚಮಚದಲ್ಲಿ, ಒದ್ದೆ ಬಟ್ಟೆ ಹಿಡಿದು.
ಮಣ್ಣಿನಲ್ಲಿ ಭತ್ತದ ಹೊಟ್ಟು, ಒಂದು ಕೋಳಿಪುಕ್ಕ.
ನೂಲಿನ ತುದಿ ಬಂತು.

ಸಂಜೆ ಆರೂವರೆಗೆ ಮೈನ್ ಹಾಕಿದೆ.
ಎಲ್‌ಇಡಿ ಬೆಳಕಿಗೆ ದಾಕ್ಷಿಣ್ಯವಿಲ್ಲ.
ಗೀಟು ಗೀಟೂ ಎದ್ದು ನಿಂತಿತು,
ಉಗುಳು ಹಚ್ಚಿ ಅಳಿಸಿ ಮತ್ತೆ ಬರೆದದ್ದೂ.
ಚೋಂದವ್ವ ಅಂಥ ಒಂದರ ಹತ್ತಿರ ಮೂಗು ತಂದು
"ಅಯ್ಯೋ, ಇವ ಕದ್ದಿದ್ದ" ಎಂದು ನಕ್ಕರು,
"ಲೋಡಿಗೆ ಎರಡು ಬುಟ್ಟಿ!"
ಮಗುವಿನ ಚೇಷ್ಟೆ ಕಂಡವರ ನಗು.

ಹಳೆ ತಂತಿ ಸುರುಳಿ ಸುತ್ತಿ ಭುಜಕ್ಕೆ ಹಾಕಿಕೊಂಡೆ.
ಹೊರಡುವಾಗ ಸಜೀಷ್, ಗೋಡೆಯ ನಡುವೆ ಹಾಗೇ ಬಿಟ್ಟಿದ್ದ
ಗುಂಡಗಿನ ಕರಿ ಸ್ವಿಚ್ಚು ಒತ್ತಿದ.
ಯಾವ ದೀಪವೂ ಆರಲಿಲ್ಲ.
ಟಕ್ ಎಂದಿತು, ಕೋಣೆ ತುಂಬುವಷ್ಟು.
ಇನ್ನೊಮ್ಮೆ ಒತ್ತಿದ.
ನಾನು ಬೈಯಲಿಲ್ಲ.