ಬಟ್ಟೆಯಲ್ಲಿ ಸಿಕ್ಕಿದ್ದು

ನಿಟ್ಟುವಳ್ಳಿಯ ನಮ್ಮ ನಲ್ಲಿಯ ಬಾಯಿಗೆ
ಮಾವನವರ ಹಳೇ ಪಂಚೆಯ ತುಂಡು ಕಟ್ಟಿದ್ದೇನೆ.
ಒಂಬತ್ತು ದಿನಕ್ಕೊಮ್ಮೆ, ರಾತ್ರಿ ಎರಡೂವರೆಗೆ
ಮೊದಲು ಗಾಳಿ ಬುಸ್ಸೆನ್ನುತ್ತದೆ,
ಆಮೇಲೆ ಒಂದು ಬಕೀಟು ಚಹಾದ ಬಣ್ಣ,
ಆಮೇಲೆ ನೀರು.

ಈ ಸಲ ಬಟ್ಟೆ ಬಿಚ್ಚಿ ಕೊಡವಿದರೆ
ಸಾಸಿವೆಯಷ್ಟೇ ಒಂದು ಬಸವನಹುಳು.
ಚಿಪ್ಪಿತ್ತು, ಚಿಪ್ಪಿನ ಮೇಲೆ ಮೂರು ಸುತ್ತಿತ್ತು.
ಒಳಗೆ ಯಾರೂ ಇರಲಿಲ್ಲ.
“ಸೋಸಿ ಕುಡಿ ಅತ್ಲಾಗೆ, ತನಿಖೆ ಯಾಕೆ?” ಎಂದು
ಇವರು ಮಗ್ಗುಲು ಬದಲಿಸಿದರು.

ಬಿ.ಪಿ. ಮಾತ್ರೆಯ ಖಾಲಿ ಡಬ್ಬಿಯಲ್ಲಿ ಅದನ್ನಿಟ್ಟು
ಹೊಸ ಸೊಸೆಯ ತವರು ವಿಚಾರಿಸುವವಳ ಹಾಗೆ
ಹೊರಟೆ, ಬಾತಿಯ ಬಸ್ಸು ಹತ್ತಿ.

ಶುದ್ಧೀಕರಣದ ಮನೆಯಲ್ಲಿ ಪಟಿಕದ ಗಟ್ಟಿಗಳು,
ಕಣ್ಣು ಉರಿಸುವ ಕ್ಲೋರಿನ್ನು.
ಲ್ಯಾಬಿನ ಲೋಕ್ಯಾನಾಯ್ಕ ಬೂದುಗನ್ನಡಿ ಹಿಡಿದು ನೋಡಿ
“ನಮ್ಮದಲ್ಲ ಬಿಡ್ರಿ ಮೇಡಂ” ಎಂದ,
“ಮರಳು ದಾಟಿ ಇದು ಬರಾಕಾಗಲ್ಲ.
ನಿಮ್ಮ ಪೈಪಿನಾಗೇ ಹುಟ್ಟಿರಬೇಕು.”

ಕುಂದುವಾಡ ಕೆರೆಯ ಏರಿ ತುಂಬ ಜನ
ಹೆಜ್ಜೆ ಎಣಿಸುತ್ತ ಸುತ್ತುತ್ತಿದ್ದರು, ನೀರಿನ ಕಡೆ ನೋಡದೆ.
ಬಲೆ ಹರವಿದ್ದ ಮುದುಕ ಡಬ್ಬಿಯೊಳಗೆ ಇಣುಕಿದ:
“ಇಂಥವು ಕೋಟಿ ಅದಾವೆ ತಾಯಿ,
ಯಾವುದರ ಗುರುತು ಹೇಳ್ಲಿ?”

ಕೆರೆಗೆ ಕಾಲುವೆ, ಕಾಲುವೆಗೆ ಭದ್ರೆ.
ಕಾಲುವೆ ನಿಂತರೆ ರಾಜನಹಳ್ಳಿಯ ಪಂಪು, ತುಂಗಭದ್ರೆ.
ಯಾವ ರಾತ್ರಿ ನಾವು ಯಾವ ನೀರು ಕುಡಿದೆವು ಅಂತ
ಯಾರೂ ಬರೆದಿಟ್ಟಿಲ್ಲ.

ಕಾಲುವೆಯ ಮೆಟ್ಟಿಲಲ್ಲಿ ಕಂಬಳಿ ಒಗೆಯುತ್ತಿದ್ದಾಕೆ
ನಾನು ಬೊಗಸೆ ಒಡ್ಡಿದ್ದು ಕಂಡು
“ತಡೀರಿ, ನೊರೆ ಹೋಗ್ಲಿ” ಎಂದು ಕೈ ನಿಲ್ಲಿಸಿದಳು.
ನೊರೆ ಹೋಯಿತು, ನಮ್ಮೂರಿನ ಕಡೆಗೇ.
ಅವಳಿಗೆ ಹೇಳಲಿಲ್ಲ.
ಎಷ್ಟು ಮರ್ಯಾದೆಯಿಂದ ಕಾದಿದ್ದಳು!

ಇನ್ನೂ ಮೇಲೆ ಹೋಗಬಹುದಿತ್ತು,
ಅಣೆಕಟ್ಟೆಗೆ, ಅಲ್ಲಿಂದ ಮೋಡಕ್ಕೆ.
ಸಂಜೆ ಆರಕ್ಕೆ ಹಾಲು ಬರುತ್ತದೆ, ತಿರುಗಿ ಬಂದೆ.

ಮರುವಾರ ನಡುರಾತ್ರಿ ವಾಲ್ವ್‌ಮನ್ ಕರಿಬಸಣ್ಣ
ನಮ್ಮ ತಿರುವಿನ ಗುಂಡಿಯ ಮುಚ್ಚಳ ಎತ್ತಿ ಕುಕ್ಕರಿಸಿದ್ದ.
ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೆ,
ಇನ್ನೊಂದು ತುದಿ ಕಿವಿಗೆ.
ಮೂವತ್ತು ವರ್ಷದಿಂದ ಆ ಕಿವಿಗೆ
ಹಗಲಿನ ಮಾತು ಅಷ್ಟಕ್ಕಷ್ಟೆ.
ಡಬ್ಬಿ ತೋರಿಸಿದೆ. ಬ್ಯಾಟರಿ ಬಿಟ್ಟು ನೋಡಿದ, ನಕ್ಕ.
“ಕೇಳ್ತೀರಾ?” ಎಂದು ಸಲಾಕೆ ಕೊಟ್ಟ.

ತಣ್ಣಗಿತ್ತು. ಮೊದಲು ನನ್ನದೇ ರಕ್ತದ ಸದ್ದು.
ಆಮೇಲೆ ಅದರ ಕೆಳಗೆ, ಬಹಳ ಕೆಳಗೆ,
ಪಕ್ಕದ ಕೋಣೆಯಲ್ಲಿ ಅತ್ತೆ ಯಾರ ಮೇಲೋ
ಒಂದೇ ಸಮ ಗೊಣಗುತ್ತಿದ್ದ ಹಾಗೆ,
ಮಾತು ತಿಳಿಯದು, ಸಿಟ್ಟು ಮಾತ್ರ ತಿಳಿಯುತ್ತದೆ.

“ಬಂತು, ಬಂತು ಕರಿಬಸಣ್ಣ” ಎಂದೆ,
ಕೊಡ ತರಲು ಏಳುತ್ತ.
“ಕುಂತ್ಕಳಿ. ಅದು ನಿಮ್ಮದಲ್ಲ,
ಮುಂದಿನ ಬೀದೀದು” ಎಂದ.

ಸಲಾಕೆ ವಾಪಸು ಕೇಳಲಿಲ್ಲ. ಬೀಡಿ ಹಚ್ಚಿದ.
ನಾನು ಇನ್ನಷ್ಟು ಹೊತ್ತು
ಮುಂದಿನ ಬೀದಿಯವರ ನೀರನ್ನು ಕೇಳುತ್ತ ಕೂತೆ.