ಅಡುಗೆಮನೆ ಬಾಗಿಲ ಚೀಟಿ

(ಎಲ್ಕೋ, ನೆವಾಡ. ಬಾಸ್ಕ್ ಕುರಿಗಾಹಿಗಳ ಊಟ-ವಸತಿ ಮನೆ. ಚಳಿಗಾಲದ ಒಂದು ಶನಿವಾರ.)

ಕೂತುಕೋ ಗಾನಿಶ್, ಬೂಟು ಒಲೆಯಿಂದ ಆಚೆ ಇಡು,
ತೊಗಲು ಸುಟ್ಟರೆ ಕುರಿಯ ಹಿಂದೆ ಬರಿಗಾಲು.
ಅವರು ಎಂಟಕ್ಕೆ ಬರುತ್ತಾರೆ.
ಅಷ್ಟರೊಳಗೆ ನಿನಗೆ ಕೈಗಳ ಮೇಲುಕೀಳು ಹೇಳಿಕೊಡಬೇಕು,
ಇಲ್ಲದಿದ್ದರೆ ಬೇಸಿಗೆಯ ಕೂಲಿ ಒಂದೇ ರಾತ್ರಿಗೆ ನೀರು.

ಐದು ಎಲೆ. ಐದೇ.
ಒಂದಕ್ಕೊಂದು ನಂಟಿಲ್ಲದಿದ್ದರೆ ದೊಡ್ಡ ಎಲೆಯೇ ಗತಿ.
ಎರಡು ಸಲಕ್ಕೆ ಒಂದು ಸಲ ಬರುವುದು ಅದೇ,
ರೈಲಿಳಿದ ದಿನದ ನಿನ್ನ ಹಾಗೆ:
ಒಬ್ಬ ರಾಜ, ಸುತ್ತ ನಾಲ್ಕು ಮಂದಿ ಅಪರಿಚಿತರು.
ಜೋಡಿ ಅದಕ್ಕಿಂತ ಮೇಲು. ಎರಡು ಜೋಡಿ ಇನ್ನೂ ಮೇಲು.
ಮೂರು ಒಂದೇ ಥರ ಬಂದರೆ ತಲೆ ತಗ್ಗಿಸು,
ನಿನ್ನ ಕಿವಿ ಕೆಂಪಾಗುವುದನ್ನು ನಾನಾಗಲೇ ಕಂಡಿದ್ದೇನೆ.

ಯಾಕೆ ಮೇಲು ಅಂತ ಯಾರೂ ಕೇಳುವುದಿಲ್ಲ.
ರಾಣಿ ಚೆಲುವೆ ಅಂತಲ್ಲ, ರಾಜನಿಗೆ ಗಡ್ಡವಿದೆ ಅಂತಲ್ಲ.
ಎಷ್ಟು ಅಪರೂಪವೋ ಅಷ್ಟು ಮೇಲು.
ಗುಡ್ಡದಲ್ಲಿ ನೂರಕ್ಕೊಂದು ಕರಿಕುರಿ ಬಿಟ್ಟಿರುತ್ತೀರಲ್ಲ,
ಸಂಜೆ ಮೊದಲು ಎಣಿಸುವುದು ಕರಿಯದನ್ನೇ.

ಈಗ ಆ ಬಾಗಿಲ ಮೇಲಿನ ಚೀಟಿ ನೋಡು.
ನನ್ನ ಗಂಡ ಶಾಲ್ಬಾತ್ ಬರೆದದ್ದು,
ನೇರಳೆ ಶಾಯಿ, ಒಳ್ಳೆಯ ಅಕ್ಷರ.
ಕೆಳಗಿನಿಂದ ಐದನೆಯದು ಬಣ್ಣ, ಆರನೆಯದು ಸಾಲು.
ಪೆನ್ಸಿಲಿನಲ್ಲಿ ಬಾಣ ಎಳೆದು ಅದಲುಬದಲು ಮಾಡಿದವಳು ನಾನು.

ಹನ್ನೊಂದು ವರ್ಷ ಈ ಮನೆಯಲ್ಲಿ
ಸಾಲು ಬಣ್ಣವನ್ನು ಸೋಲಿಸಿತು.
ಹೊರಗೆಲ್ಲ ಬಣ್ಣವೇ ಗೆಲ್ಲುತ್ತಿತ್ತು,
ನಮ್ಮ ಹೊಸ್ತಿಲೊಳಗೆ ಬೇರೆ ನ್ಯಾಯ.
ಯಾರಿಗೆ ಗೊತ್ತಿತ್ತು? ಊರಲ್ಲಿ ನಾವು ಆಡಿದ್ದು ಮುಸ್,
ಅದರಲ್ಲಿ ಕಣ್ಣು ಮಿಟುಕಿಸಿ ಜೊತೆಗಾರನಿಗೆ ಎಲೆ ಹೇಳಬಹುದು.
ಇಲ್ಲಿ ಜೊತೆಗಾರನೇ ಇಲ್ಲ.

ಆಗ ಅರ್ನೌತ್ ಎಂಬೊಬ್ಬನಿದ್ದ, ಬೈಗೊರ್ರಿ ಕಡೆಯವನು,
ಸೊಂಟದಲ್ಲಿ ಎರಡು ಬೇಸಿಗೆಯ ದುಡ್ಡು.
ಒಂದು ರಾತ್ರಿ ಐದೂ ಆಟೀನು ಹಾಸಿದ ಮೇಜಿನ ಮೇಲೆ:
ಎರಡು, ಐದು, ಆರು, ಒಂಬತ್ತು, ರಾಜ.
ಎದುರು ಶಾಲ್ಬಾತ್ ಇಟ್ಟದ್ದು
ನಾಲ್ಕರಿಂದ ಎಂಟರವರೆಗೆ ಒಂದು ಬಡಕಲು ಸಾಲು.
ಅರ್ನೌತ್ ಬಾಗಿಲ ಕಡೆ ತಿರುಗಿ ಓದಿದ, ತುಟಿ ಆಡಿಸುತ್ತ.
ಮತ್ತೊಮ್ಮೆ ಓದಿದ.
ಸರಿ, ಅಂದ. ಟೋಪಿ ತೆಗೆದುಕೊಂಡ.
ನೂರ ಎಂಬತ್ತು ಡಾಲರು.
ಈ ಒಲೆ ಬಂದದ್ದು ಅದರಲ್ಲೇ.

ಶಾಲ್ಬಾತ್ ಸತ್ತ ಮೇಲೆ ಆಗ್ಡನ್ ಕಡೆಯ ರೈಲಿನವನೊಬ್ಬ
ಊಟಕ್ಕೆ ಕೂತು, ಚೀಟಿ ಓದಿ ನಕ್ಕ.
ಕೆಮ್ಮು ಬರುವ ತನಕ ನಕ್ಕ.
ಆಮೇಲೆ ಹುರುಳಿಕಾಳು ಹರಡಿ ನನಗೆ ಲೆಕ್ಕ ತೋರಿಸಿದ:
ಸಾಲು ಎರಡು ಸಲ ಬಂದರೆ ಬಣ್ಣ ಒಂದು ಸಲ.

ತಪ್ಪಿ ಬರೆದನೋ, ಬೇಕೆಂದೇ ಬರೆದನೋ,
ಕೇಳೋಣವೆಂದರೆ ಅವನು ಮಣ್ಣಲ್ಲಿದ್ದಾನೆ.
ಆ ರಾತ್ರಿಗಿಂತ ಮೂರು ವರ್ಷ ಮೊದಲೇ ಅಂಟಿಸಿದ್ದ ಚೀಟಿ,
ಅದನ್ನು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.
ಎಲ್ಲರಿಗೂ ಅದೇ ಕಾನೂನಿತ್ತು, ಅದನ್ನೂ.
ಆದರೂ ಕಾಫಿ ಡಬ್ಬಿಯಲ್ಲಿ ನೂರ ಎಂಬತ್ತು ಎತ್ತಿಟ್ಟಿದ್ದೇನೆ.
ಅರ್ನೌತ್ ಮತ್ತೆ ಬಂದಿಲ್ಲ.
ರೂಬಿ ಬೆಟ್ಟದಲ್ಲಿ ಬಿಳಿ ತೊಗಟೆಯ ಮರಕ್ಕೆ
ಅವನ ಹೆಸರು ಕೊರೆದಿದೆಯಂತೆ,
ಇಸವಿ ಮಾತ್ರ ಯಾರೂ ಸರಿಯಾಗಿ ಓದಿ ಬಂದಿಲ್ಲ.
ಬೇಸಿಗೆಗೆ ಆ ಕಡೆ ಹೋದರೆ ನೋಡು.

ಉಳಿದದ್ದು ಬೇಗ ಹೇಳುತ್ತೇನೆ, ಮೆಟ್ಟಿಲ ಸದ್ದು ಕೇಳುತ್ತಿದೆ.
ಮೂರರ ಜೊತೆ ಎರಡು: ತುಂಬಿದ ಮನೆ.
ನಾಲ್ಕೂ ಒಂದೇ: ನಾನು ಕಂಡದ್ದು ಎರಡು ಸಲ,
ಒಮ್ಮೆ ಹೆದರಿ ಎಲ್ಲರೂ ಎಲೆ ಕೆಳಗಿಟ್ಟು
ಪಾಪ, ಅವನಿಗೆ ಸಿಕ್ಕಿದ್ದು ಮೂವತ್ತು ಸೆಂಟು.
ಎಲ್ಲದರ ತುದಿಯಲ್ಲಿ, ಒಂದೇ ಬಣ್ಣದ ಸಾಲು.
ಅಲ್ಲಿ ಜಗಳವೇ ಇಲ್ಲ ನೋಡು,
ಎರಡೂ ಒಂದೇ ಕೈಯಲ್ಲಿ.

ಅದನ್ನು ನಾನು ಕಂಡಿಲ್ಲ.
ಆ ಸೌಟು ಕೊಡು ಇಲ್ಲಿ.