ಹಕಾರ ಬಿಟ್ಟುಹೋಗಿರುವ ಬಗ್ಗೆ

ಮೂರನೇ ಕೌಂಟರಿನಲ್ಲಿ ನಾನು.
ಜನನ, ಮರಣ, ಮತ್ತು ಅವೆರಡರ ಕಾಗುಣಿತ.
ಇವತ್ತು ಬಂದವರು ಗರಡಿ ಬೀದಿಯ ಮುನಿಶಾಮಣ್ಣ.
ಅವರಪ್ಪನ ಮರಣಪತ್ರದಲ್ಲಿ
ಹನುಮಂತಪ್ಪ ಅನುಮಂತಪ್ಪನಾಗಿದ್ದಾನೆ.
‘ಒಂದೇ ಅಕ್ಷರ ಕಣಮ್ಮ, ಬ್ಯಾಂಕಿನೋರು ಒಪ್ತಿಲ್ಲ.’
ಹೆಸರು ಹೇಳಿ ಬರೆಸಿದ್ದು ಯಾರು?
‘ನಾನೇ.’
ಇನ್ನೊಂದು ಸಲ ಹೇಳಿ.
‘ಅನುಮಂತಪ್ಪ.’

ಛಾಪಾ ಕಾಗದ, ನೋಟರಿ ಸಹಿ, ಇಬ್ಬರು ಸಾಕ್ಷಿ.
ಹೋದ ಹಕಾರ ಹಿಂತಿರುಗಲು
ಇಪ್ಪತ್ತೊಂದು ಕೆಲಸದ ದಿನ.

ನನ್ನ ನೋಟ್‌ಬುಕ್ಕಿನಲ್ಲಿ ಒಂದು ಅಕ್ಷರ ಹೋಗಲು
ನಾನೂರು ವರ್ಷ ಹಿಡಿಯುತ್ತದೆ.

ರಾತ್ರಿ ಒಂಬತ್ತರ ಮೇಲೆ
ಪಾತ್ರೆ ತೊಳೆದ ಕೈ ಒರೆಸಿಕೊಂಡು
ನಾನೊಂದು ಭಾಷೆ ಕಟ್ಟುತ್ತೇನೆ.
ಜರ್ಮನಿಕ್ ಕುಲದ್ದು. ಇಂಗ್ಲಿಷಿಗೆ ದೂರದ ಚಿಕ್ಕಮ್ಮ,
ಡಚ್ಚಿಗೆ ಮಾತುಬಿಟ್ಟ ಓರಗಿತ್ತಿ.
ಆಡುವವರು ಉತ್ತರ ಸಮುದ್ರದ ಒಂದು ದ್ವೀಪದವರು;
ಆ ದ್ವೀಪವೂ ಇಲ್ಲ.
ಪದಗಳು ಇವತ್ತಿಗೆ ಸಾವಿರದ ನೂರ ಆರು.

ಪದ ಹುಟ್ಟಿಸುವುದು ಸುಲಭ, ಬಾಯಿಗೆ ಬಂದದ್ದೆಲ್ಲ ಪದ.
ಕಷ್ಟ, ಅದಕ್ಕೊಬ್ಬ ಅಜ್ಜಿಯನ್ನು ಹುಡುಕುವುದು.
‘ವಾಟ’ ಅಂದರೆ ನೀರು ಅಂತ ಬರೆದ ಮೇಲೆ
ಕೊನೆಯ ರಕಾರ ಯಾವ ಚಳಿಗಾಲದಲ್ಲಿ ಸತ್ತಿತು,
ಮರಣದ ಪುಸ್ತಕಕ್ಕೂ ಒಂದು ಸಾಲು ಬೇಕು.
ನಿಯಮ ಮಾಡಿದವಳು ನಾನೇ, ಆದರೂ
ನನಗೆ ರಿಯಾಯಿತಿ ಇಲ್ಲ.
ಹೋದ ಶ್ರಾವಣದಲ್ಲಿ ಅಕ್ಕ ಅನ್ನಲು ಚಂದದ ಪದ ಸಿಕ್ಕಿತ್ತು, ‘ಸ್ವೇಲ’.
ಸ್ವರ ನಿಯಮಕ್ಕೆ ಕೂಡಲಿಲ್ಲ, ಹೊಡೆದುಹಾಕಿದೆ.
ಎರಡು ದಿನ ಸೂತಕದ ಹಾಗಿತ್ತು.

ಮೂಲದ ಪಕಾರ ಆ ಕುಲದ ಬಾಯಲ್ಲಿ
ತುಟಿ ಸಡಿಲಿಸಿ ಫಕಾರವಾಯಿತಂತೆ:
ನಮ್ಮ ಪಿತೃವಿನ ದಾಯಾದಿ ಅಲ್ಲಿ ಫಾದರ್.
ಇದನ್ನು ಬರೆಯುವಾಗೆಲ್ಲ ನಗು ಬರುತ್ತದೆ.
ಇಲ್ಲೂ ಒಂದು ಕಾಲದಲ್ಲಿ
ಪಾಲು ಹಾಲಾಯಿತು, ಪುಲಿ ಹುಲಿಯಾಯಿತು.
ಯಾರೂ ಅರ್ಜಿ ಕೊಡಲಿಲ್ಲ.

ಈಗ ತೊಡಕು ಹಲಸಿನದು.
ದ್ವೀಪದವರು ಅದನ್ನು ಕಂಡವರಲ್ಲ.
ನಾನೋ ಹಲಸೂರಿನವಳು;
ಹಲಸಿಲ್ಲದ ಭಾಷೆಯಲ್ಲಿ ಎಷ್ಟು ದಿನ ಇರಲಿ?
ಅದಕ್ಕೇ ಒಬ್ಬ ನಾವಿಕನನ್ನು ಹೆತ್ತೆ.
ಕಲ್ಲಿಕೋಟೆಯಲ್ಲಿ ಒಂದು ಹಣ್ಣು ಹಡಗಿಗೆ ಹೊತ್ತ.
ಆಫ್ರಿಕದ ತುದಿ ಸುತ್ತುವ ಮೊದಲೇ ಅದು ಕೊಳೆತು
ನಾತ ತಡೆಯದೆ ಉಳಿದವರು ಸಮುದ್ರಕ್ಕೆಸೆದರು.
ಊರು ಮುಟ್ಟಿದ್ದು ಹೆಸರು ಮಾತ್ರ:
‘ದೋರ್ನಾಪ್ಲ’, ಮುಳ್ಳುಸೇಬು.
ಮುನ್ನೂರು ವರ್ಷಕ್ಕೆ ಸವೆದು ‘ದೋನಾಪ’.
ಅರ್ಥವೂ ಸವೆಯಿತು:
ಇದೆಯೆಂದು ಹೇಳಿ ತೋರಿಸಲಾಗದ್ದು.

ಆ ಅರ್ಥ ಬರೆದ ರಾತ್ರಿ ನಿದ್ದೆ ಬರಲಿಲ್ಲ.
ನಾನು ಹುಟ್ಟಿಸಿದ ಸುಳ್ಳು
ನನಗಿಂತ ವಯಸ್ಸಾದದ್ದು ಅನ್ನಿಸಿ.

ಸಂಜೆ ಆಫೀಸು ಬಿಟ್ಟಾಗ
ಮೆಟ್ರೋ ಕಂಬದ ಕೆಳಗೆ ತಳ್ಳುಗಾಡಿ.
ಎಣ್ಣೆ ಸವರಿದ ಕೈಯಲ್ಲಿ ತೊಳೆ ಬಿಡಿಸುತ್ತ
ಅವಳು ಕೂಗಿದಳು: ‘ಅಲಸಿನಣ್ಣೂ...’

ಪಲಸು.
ಹಲಸು.
ಅಲಸು.

ನೋಟ್‌ಬುಕ್ಕು ಚೀಲದಲ್ಲೇ ಇತ್ತು, ತೆಗೆಯಲಿಲ್ಲ.
ಬೆರಳಿಗೆಲ್ಲ ಅಂಟು.
ನಾಳೆ ಮುನಿಶಾಮಣ್ಣನ ಫೈಲು ಮೇಲಕ್ಕೆ ಕಳಿಸಬೇಕು,
‘ಹ ಸೇರಿಸಬಹುದು’ ಎಂದು ಷರಾ ಬರೆದು.
ಬಾಯಿ ತುಂಬಿತ್ತು.
‘ಇನ್ನೂ ಒಂದತ್ತು ತೊಳೆ ಕೊಡಮ್ಮ’
ಅಂದವಳು ನಾನೇ.

ಅವಳು ಎಣಿಸಿ
ಹನ್ನೊಂದು ಕೊಟ್ಟಳು.